ಡಬ್ಬಿಯ ಮೇಲೆ ಮೂರು ಸಾಲು ಹೆಚ್ಚು ಬರೆಯಲಿ

ಮಾನ್ಯ ಸಂಪಾದಕರೇ,

ಕಡಿಮೆ ಖರ್ಚಿನಲ್ಲಿ ಮನೆಯನ್ನು 'ಸ್ಮಾರ್ಟ್' ಮಾಡಿಕೊಳ್ಳುವುದು ಹೇಗೆಂದು ತಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅಗ್ಗದ ಬಲ್ಬು, ಫೋನಿನಿಂದಲೇ ಹಾಕಿ ಆರಿಸುವ ಸಾವಿರ ರೂಪಾಯಿ ಆಸುಪಾಸಿನ ಪ್ಲಗ್ಗು, ಕೂಗಿದರೆ ಹತ್ತುವ ದೀಪ, ಎಲ್ಲ ಸರಿ. ಆದರೆ ಪಾರ್ಸೆಲ್ ಬಿಚ್ಚಿದ ಮೇಲೆ ಏನಾಗುತ್ತದೆ ಎಂಬುದು ಅದರಲ್ಲಿ ಇರಲಿಲ್ಲ. ಬಿಚ್ಚಿದ ಮೇಲೆ ಫೋನು ಬರುವುದು ನನಗೆ. ಸಾಗರದ ಸುತ್ತಮುತ್ತ ವೈರಿಂಗ್ ಕೆಲಸ ಮಾಡುವವನು ನಾನು. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು, ಇಲ್ಲಿ ಅಪ್ಪ ಅಮ್ಮ ಇಬ್ಬರೇ ಉಳಿದ ಮನೆಗಳು ನಮ್ಮ ಕಡೆ ಬಹಳ. ಮಕ್ಕಳು ಅಲ್ಲಿಂದಲೇ ಆರ್ಡರ್ ಮಾಡುತ್ತಾರೆ, ಕೂರಿಸಿಕೊಡುವುದು ನನ್ನ ಪಾಲಿಗೆ.

ಹೆಚ್ಚಾಗಿ ಬರುವ ದೂರು ಒಂದೇ: ಪ್ಲಗ್ಗಿನ ದೀಪ ಮಿಣುಕುತ್ತಿದೆ, ಮೊಬೈಲು ಹುಡುಕುತ್ತಲೇ ಇದೆ, ಜೋಡಣೆ ಆಗುತ್ತಿಲ್ಲ. ಪ್ಲಗ್ಗು ಕೆಟ್ಟಿರುವುದಿಲ್ಲ. ಫೈಬರ್ ಸಂಪರ್ಕದ ಜತೆ ಈಗ ಕೊಡುವ ರೂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಾಂತರಗಳಲ್ಲೂ ವೈಫೈ ಕೊಡುತ್ತವೆ, ಎರಡಕ್ಕೂ ಒಂದೇ ಹೆಸರು ಇಟ್ಟಿರುತ್ತಾರೆ. ಫೋನು 5ನ್ನು ಹಿಡಿದುಕೊಂಡಿರುತ್ತದೆ. ಅಗ್ಗದ ಪ್ಲಗ್ಗಿನೊಳಗಿನ ಚಿಪ್ಪಿಗೆ 2.4 ಬಿಟ್ಟು ಬೇರೆ ಗೊತ್ತಿಲ್ಲ. ರೂಟರಿನ ಸೆಟ್ಟಿಂಗಿಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ಫೋನನ್ನು 2.4ಕ್ಕೆ ತಂದು ಜೋಡಿಸಿದರೆ ಸಾಮಾನ್ಯವಾಗಿ ಮುಗಿಯಿತು. ಹಾಗಂತ 2.4 ಕಳಪೆ ಎಂದು ಯಾರೂ ತಿಳಿಯಬೇಡಿ. ನಮ್ಮ ಹಳೇ ಮನೆಗಳ ಜಂಬಿಟ್ಟಿಗೆ ಗೋಡೆ ಮೊಳದಪ್ಪ. ಜಗಲಿಯಲ್ಲಿಟ್ಟ ರೂಟರಿನ 5 ಗಿಗಾಹರ್ಟ್ಸ್ ನಡುಮನೆ ದಾಟುವಷ್ಟರಲ್ಲೇ ಸೊರಗುತ್ತದೆ, 2.4 ಹೇಗೋ ಬಚ್ಚಲುಮನೆ ಮುಟ್ಟುತ್ತದೆ. ದೀಪ ಹಾಕಿ ಆರಿಸುವುದಕ್ಕೆ ವೇಗ ಯಾರಿಗೆ ಬೇಕು?

ಬಚ್ಚಲುಮನೆ ಎಂದಾಗ ಗೀಸರಿನ ವಿಷಯ ಹೇಳಲೇಬೇಕು. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ, 3000 ವಾಟಿನದಾದರೆ 13. ಮಾರುಕಟ್ಟೆಯಲ್ಲಿ ಸ್ಮಾರ್ಟ್ ಪ್ಲಗ್ಗು 6, 10, 16 ಆಂಪಿಯರಿನದು ಎಲ್ಲ ಸಿಗುತ್ತದೆ. ಅಗ್ಗ ಯಾವುದೋ ಅದನ್ನೇ ತರಿಸಿ, ದಪ್ಪ ಪಿನ್ನು ಹೋಗಲಿಲ್ಲ ಅಂತ ನಡುವೆ ಕನ್ವರ್ಷನ್ ಪ್ಲಗ್ ಸಿಕ್ಕಿಸಿದ್ದನ್ನು ನೋಡಿದ್ದೇನೆ. ಪ್ಲಾಸ್ಟಿಕ್ಕು ಕಂದುಬಣ್ಣಕ್ಕೆ ತಿರುಗಿತ್ತು. ಗೀಸರಿಗೆ 16 ಆಂಪಿಯರಿನದೇ ಬೇಕು, ಪವರ್ ಪಾಯಿಂಟಿನಲ್ಲೇ ಬೇಕು. ಇದರಲ್ಲಿ ಚೌಕಾಸಿ ಬೇಡ.

ಇನ್ನು ವಿದೇಶದ ಸಾಮಾನು. ರಜೆಗೆ ಬಂದ ಹುಡುಗನೊಬ್ಬ ನ್ಯೂಜೆರ್ಸಿಯಿಂದ 'ಜೀ-ವೇವ್' ಎಂಬ ರೇಡಿಯೋದಿಂದ ನಡೆಯುವ ಒಂದು ರಾಶಿ ಸ್ವಿಚ್ಚು ತಂದಿದ್ದ. ಒಳ್ಳೇ ಸಾಮಾನೇ. ಆದರೆ ಅವು 120 ವೋಲ್ಟಿನವು, ನಮ್ಮ ಬೋರ್ಡಿನ ಕಿಂಡಿಗೆ ಕೂರುವುದೂ ಇಲ್ಲ. ಅದಕ್ಕಿಂತ ಮುಖ್ಯ, ಅಮೆರಿಕದ ಜೀ-ವೇವ್ ಮಾತಾಡುವುದು 908 ಮೆಗಾಹರ್ಟ್ಸಿನ ಆಸುಪಾಸಿನಲ್ಲಿ. ಇಲ್ಲಿ ಅದು ಮೊಬೈಲ್ ಕಂಪನಿಗಳ ಪಾಲಿನ ತರಂಗಾಂತರದೊಳಗೆ ಬೀಳುತ್ತದೆ. ಭಾರತದಲ್ಲಿ ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವುದು 865 ಮೆಗಾಹರ್ಟ್ಸಿನಿಂದ ಶುರುವಾಗುವ ತರಂಗಾಂತರದ ಪಟ್ಟಿ, ನಮ್ಮ ದೇಶಕ್ಕೆಂದು ಮಾಡಿದ ಜೀ-ವೇವ್ ಅದರಲ್ಲಿ ನಡೆಯುತ್ತದೆ. ಜಿಗ್‌ಬೀ, ಥ್ರೆಡ್, ವೈಫೈ ಎಂಬ ಬೇರೆ ರೇಡಿಯೋಗಳಿಗೆ ಈ ತಾಪತ್ರಯ ಇಲ್ಲ, 2.4 ಗಿಗಾಹರ್ಟ್ಸ್ ಎಲ್ಲ ದೇಶದಲ್ಲೂ ನಡೆಯುತ್ತದೆ. ಹೊರದೇಶದಿಂದ ತರುವವರು ಈ 2.4ರಲ್ಲಿ ನಡೆಯುವ ಬ್ಯಾಟರಿಯ ಸೆನ್ಸರು ತನ್ನಿ, ಸ್ವಿಚ್ಚು ಇಲ್ಲೇ ಕೊಳ್ಳಿ.

ಅದೇ 865ರ ಪಟ್ಟಿಯಲ್ಲಿ ನಡೆಯುವ 'ಲೋರಾ' ಎಂಬ ದೂರ ಮುಟ್ಟುವ ರೇಡಿಯೋವನ್ನು ನಮ್ಮ ತೋಟಗಳಿಗೆ ಯಾರಾದರೂ ಚೆನ್ನಾಗಿ ಹೊಂದಿಸಿಕೊಡಬೇಕಿತ್ತು ಎಂಬುದು ನನ್ನ ಆಸೆ. ಮೋಟಾರಿಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಬಂದು ವರ್ಷಗಳಾದವು, ಬಹಳ ಜನ ಬಳಸುತ್ತಾರೆ. ಕಣಿವೆಯ ಅಡಿಕೆ ತೋಟದಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲದಿದ್ದರೆ ಅದು ಏನು ಮಾಡೀತು? ಲೋರಾಕ್ಕೆ ಸಿಮ್ಮೂ ಬೇಡ, ತಿಂಗಳ ರೀಚಾರ್ಜೂ ಬೇಡ, ಮರಗಳ ನಡುವೆಯೂ ವೈಫೈಗಿಂತ ಎಷ್ಟೋ ದೂರ ಹೋಗುತ್ತದೆ. ಇರಲಿ, ಅದು ಬೇರೆಯೇ ಪತ್ರದ ವಿಷಯ.

ನಾನು ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಮಳೆಗಾಲದಲ್ಲಿ ಒಂದು ಅಕೇಶಿಯಾ ಮರ ಮಗುಚಿದರೆ ಕರೆಂಟಿನ ಲೈನೂ ಹೋಯಿತು, ಫೈಬರ್ ಕೇಬಲ್ಲೂ ಹೋಯಿತು. ಇನ್ವರ್ಟರ್ ಇರುವುದರಿಂದ ದೀಪಕ್ಕೆ ಕರೆಂಟಿದೆ, ರೂಟರಿಗೂ ಇದೆ. ಇಂಟರ್ನೆಟ್ ಮಾತ್ರ ಇಲ್ಲ. ಆಗ ಕೆಲವು ಬಲ್ಬುಗಳು ಫೋನಿನ ಮಾತು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಕೇಳದವುಗಳಲ್ಲಿ, ಫೋನೂ ಬಲ್ಬೂ ಒಂದೇ ಕೋಣೆಯಲ್ಲಿದ್ದರೂ ಆಜ್ಞೆ ಇಂಟರ್ನೆಟ್ಟಿನ ಮೂಲಕ ಕಂಪನಿಯ ಸರ್ವರಿಗೆ, ಅಂದರೆ ಎಲ್ಲೋ ದೂರದ ಕಂಪ್ಯೂಟರಿಗೆ, ಹೋಗಿಯೇ ವಾಪಸ್ ಬರಬೇಕು. ಮಂಡಿನೋವಿನ ಅಜ್ಜಿಯೊಬ್ಬರು ಮಂಚದ ಮೇಲೆ ಕೂತಲ್ಲಿಂದಲೇ ಕೂಗಿ ಅಂಗಳದ ದೀಪ ಹಾಕಿಸಿಕೊಳ್ಳುತ್ತಾರೆ. ಅವರಿಗೆ ಇದು ಶೋಕಿ ಅಲ್ಲ, ನಿಜವಾದ ಅನುಕೂಲ. ನೆಟ್ಟು ಹೋದ ದಿನ ಅವರು ನನ್ನನ್ನು ಕೇಳಿದ್ದು: "ಎದುರಿಗೇ ಕೂತು ಕೂಗಿದ್ರೂ ಇದಕ್ಕೆ ಕಿವಿ ಕೇಳೋದಿಲ್ವೇನೋ ತಮ್ಮಾ?" ಸರ್ವರು, ಕ್ಲೌಡು ಅಂತ ಅವರಿಗೆ ನಾನು ಏನು ಹೇಳಲಿ. ಗೋಡೆಗೆ ಒಂದು ಸಾದಾ ಸ್ವಿಚ್ಚು ಹಾಕಿಕೊಟ್ಟು ಬಂದೆ.

ಈ ವ್ಯತ್ಯಾಸ ಡಬ್ಬಿಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ಬಣ್ಣ ಎಷ್ಟು ಕೋಟಿ ಎಂದು ಬರೆದಿರುತ್ತಾರೆ!

ನೆಟ್ಟು ನಾಳೆ ಬರುತ್ತದೆ ಅನ್ನಬಹುದು. ಕಂಪನಿಯೇ ಹೋದರೆ? 2014ರಲ್ಲಿ ನೆಸ್ಟ್ ಕಂಪನಿ ಕೊಂಡುಕೊಂಡ ರಿವಾಲ್ವ್ ಎಂಬ 'ಹಬ್' ಅನ್ನು, ಅಂದರೆ ಮನೆಯ ಸ್ಮಾರ್ಟ್ ಸಾಮಾನುಗಳನ್ನು ಒಟ್ಟಿಗೆ ನಡೆಸುವ ಪೆಟ್ಟಿಗೆಯನ್ನು, 2016ರಲ್ಲಿ ಪೂರ್ತಿ ಸ್ಥಗಿತಗೊಳಿಸಿದರು, 300 ಡಾಲರ್ ಕೊಟ್ಟು ಕೊಂಡವರ ಕೈಯಲ್ಲಿ ಖಾಲಿ ಡಬ್ಬಿ ಉಳಿಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರುಗಳು ಮುನ್ಸೂಚನೆ ಇಲ್ಲದೆ ನಿಂತವು, ಕೊನೆಗೆ ಬಳಕೆದಾರರೇ ಕೆಲವರು ಸೇರಿ ಅದನ್ನು ಕೊಂಡು ಮತ್ತೆ ನಡೆಸಬೇಕಾಯಿತು. ತನ್ನ ವೀಮೋ ಸರಣಿಯ ಬಹುಪಾಲು ಸಾಧನಗಳ ಕ್ಲೌಡ್ (ಸರ್ವರಿನ) ಸೇವೆಗೆ 2026ರ ಜನವರಿ 31 ಕೊನೆ ಎಂದು ಬೆಲ್ಕಿನ್ ಪ್ರಕಟಿಸಿತು. ಇವು ಹೆಸರಿದ್ದ ಕಂಪನಿಗಳು. ಆನ್‌ಲೈನಿನಲ್ಲಿ ಸಿಗುವ ಹೆಸರೇ ಕೇಳದ ಬ್ರ್ಯಾಂಡಿನ ಪ್ಲಗ್ಗಿಗೆ ಎಷ್ಟು ವರ್ಷ ಆಯುಷ್ಯವೆಂದು ಯಾರು ಹೇಳುತ್ತಾರೆ? ನಾನು ಹಾಕಿದ ಸಾದಾ ಸ್ವಿಚ್ಚುಗಳು ಅಪ್ಪನ ಕಾಲದಿಂದ ಮಗನ ಕಾಲಕ್ಕೂ ನಡೆದಿವೆ.

ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಸಾಮಾನಿಗೆ ಒಂದೇ ಭಾಷೆಯಾದ 'ಮ್ಯಾಟರ್' ಬಂದ ಮೇಲೆ ಇದೆಲ್ಲ ಸರಿಹೋಗುತ್ತದೆ ಎಂದು ತಮ್ಮ ಲೇಖಕರು ಬರೆದಿದ್ದಾರೆ. ಅರ್ಧ ಒಪ್ಪುತ್ತೇನೆ. ಅಮೆಜಾನ್, ಆಪಲ್, ಗೂಗಲ್ ಮತ್ತು ಜಿಗ್‌ಬೀ ಕೂಟ 2019ರ ಡಿಸೆಂಬರಿನಲ್ಲಿ ಶುರುಮಾಡಿ, 2022ರ ಅಕ್ಟೋಬರಿನಲ್ಲಿ ಮೊದಲ ಆವೃತ್ತಿ ಹೊರತಂದ ಮಾನದಂಡ ಅದು. ಅದರ ಗುಣ ದೊಡ್ಡದು: ಆಜ್ಞೆ ಮನೆಯ ಜಾಲದೊಳಗೇ ಓಡಾಡುತ್ತದೆ, ಒಂದೇ ಬಲ್ಬನ್ನು ಬೇರೆ ಬೇರೆ ಕಂಪನಿಗಳ ಆ್ಯಪುಗಳಿಗೆ ಒಟ್ಟಿಗೆ ಜೋಡಿಸಬಹುದು. ಆದರೆ ಮ್ಯಾಟರ್ ಎಂಬ ಗುರುತು ನೋಡಿ ಕೊಂಡ ಬಾಗಿಲಿನ ಸೆನ್ಸರೊಂದು ನಮ್ಮೂರಿನ ಮನೆಯೊಂದರಲ್ಲಿ ಡ್ರಾಯರಿನಲ್ಲಿ ಮಲಗಿದೆ. ಯಾಕೆಂದರೆ ಅದು ಮಾತಾಡುವುದು ಥ್ರೆಡ್ ಮೂಲಕ, ಥ್ರೆಡ್ಡನ್ನು ಮನೆಯ ವೈಫೈಗೆ ಸೇರಿಸುವ 'ಬಾರ್ಡರ್ ರೂಟರ್' ಆ ಮನೆಯಲ್ಲಿಲ್ಲ. ಆ ಸೌಲಭ್ಯ ಮಾತು ಕೇಳಿ ಕೆಲಸ ಮಾಡುವ ಕೆಲವು ದುಬಾರಿ ಸ್ಪೀಕರುಗಳಲ್ಲಿ ಇರುತ್ತದೆ, ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮುನ್ನೂರು ರೂಪಾಯಿ ಉಳಿಸಲು ಹೋದವರು ಎಂಟು ಸಾವಿರದ ಸ್ಪೀಕರ್ ಕೊಳ್ಳುತ್ತಾರೆಯೇ?

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಪೊಟ್ಟಣದ ಸರಕುಗಳ ನಿಯಮದಂತೆ ಡಬ್ಬಿಯ ಮೇಲೆ ಎಂಆರ್‌ಪಿ, ಆಮದುದಾರರ ವಿಳಾಸ, ಯಾವ ದೇಶದ್ದು ಎಂಬುದನ್ನೆಲ್ಲ ಈಗಾಗಲೇ ಮುದ್ರಿಸಲೇಬೇಕು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ನಕ್ಷತ್ರದ ಲೇಬಲ್ ಕಡ್ಡಾಯವಾಯಿತು. ಅಂಥದ್ದೇ ಮೂರು ಸಾಲು ಸ್ಮಾರ್ಟ್ ಸಾಮಾನಿಗೂ ಬರಲಿ: ಯಾವ ರೇಡಿಯೋ ಮತ್ತು ಅದಕ್ಕೆ ಬೇರೆ ಏನು ಬೇಕು, ಇಂಟರ್ನೆಟ್ ಇಲ್ಲದಾಗ ಯಾವ ಕೆಲಸ ನಡೆಯುತ್ತದೆ, ಸಾಫ್ಟ್‌ವೇರ್ ಅಪ್‌ಡೇಟ್ ಯಾವ ವರ್ಷದವರೆಗೆ. ಮೂರನೆಯದು ನನ್ನ ತಲೆಯಿಂದ ಬಂದದ್ದಲ್ಲ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನಂತೆ ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಎಂದು ಗ್ರಾಹಕರಿಗೆ ತಿಳಿಸಲೇಬೇಕು, ಎಲ್ಲ ಡಬ್ಬಿಗೂ ಒಂದೇ ಸುಲಭದ ಪಾಸ್‌ವರ್ಡ್ ಹಾಕಿ ಮಾರುವಂತಿಲ್ಲ. ನಮ್ಮಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ 2025ರ ಏಪ್ರಿಲ್‌ನಿಂದ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ್ದಾರೆ. ಕ್ಯಾಮೆರಾಕ್ಕೆ ಆದದ್ದು ಪ್ಲಗ್ಗಿಗೆ ಯಾಕಾಗಬಾರದು?

ಅಲ್ಲಿಯವರೆಗೆ ಓದುಗರಲ್ಲಿ ಒಂದು ವಿನಂತಿ. ಕೊಳ್ಳುವ ಮೊದಲು ಅಂಗಡಿಯವರ ಎದುರಿಗೇ ಒಂದನ್ನು ಜೋಡಿಸಿಸಿ, ಅವರ ರೂಟರಿನಿಂದ ಇಂಟರ್ನೆಟ್ಟಿನ ವೈರು ಕಿತ್ತಿಡಲು ಹೇಳಿ. ಆಮೇಲೂ ಫೋನಿನಿಂದ ದೀಪ ಹತ್ತಿದರೆ ದುಡ್ಡು ಕೊಡಿ. ಆನ್‌ಲೈನಿನಲ್ಲಿ ತರಿಸಿದವರು ವಾಪಸ್ ಕಳಿಸುವ ಅವಧಿ ಮುಗಿಯುವುದರೊಳಗೆ ಮನೆಯಲ್ಲೇ ಈ ಪರೀಕ್ಷೆ ಮಾಡಿಕೊಳ್ಳಿ.

ಇಂತಿ,
ಒಬ್ಬ ವೈರಿಂಗ್ ಕೆಲಸಗಾರ
ಸಾಗರ, ಶಿವಮೊಗ್ಗ ಜಿಲ್ಲೆ