ಗಂಜ್‌ನಿಂದ ಸ್ಟ್ರೈಕರ್ ಮಗಳಿಗೆ

ಪ್ರೀತಿಯ ಪುಟ್ಟವ್ವಾ,

ನಿನ್ನೆ ನೀನು ಫೋನ್ ಮಾಡಿದಾಗ ನಾನು ಗಂಜ್‌ನಲ್ಲೇ, ಕಾಳಿನ ಮಾರುಕಟ್ಟೆಯಲ್ಲೇ ಇದ್ದೆ. ಲಾರಿ ತುಂಬುತ್ತಿತ್ತು, ಹಮಾಲರ ಕೂಗಾಟದ ನಡುವೆ ನೀನು ಅಳುತ್ತಿದ್ದೀಯೋ ನೆಗಡಿಯಾಗಿದೆಯೋ ಅನ್ನೋದೇ ಗೊತ್ತಾಗಲಿಲ್ಲ. "ಆಯ್ತು ಬಿಡವ್ವಾ, ನಾಳೆ ಮಾತಾಡೋಣ" ಅಂದುಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ನಿಮ್ಮವ್ವ ಪೂರ್ತಿ ಹೇಳಿದಳು. ನಿಮ್ಮ ಫುಟ್‌ಬಾಲ್ ಕೋಚ್ ಸರ್ ಎಲ್ಲರ ಮುಂದೆ ಅಂದರಂತೆ, ಗೋಲು ಹೊಡೆಯೋದು ರಕ್ತದಲ್ಲಿ ಬರಬೇಕು, ಕಲಿಸೋಕೆ ಆಗಲ್ಲ, ನಿನಗದು ಇಲ್ಲ, ನಾಳೆಯಿಂದ ಸ್ಟ್ರೈಕರ್ ಬೇಡ, ಹಿಂದೆ ನಿಂತು ಗೋಲು ತಡೆಯೋ ಬ್ಯಾಕ್ ಆಡು ಅಂತ.

ಬ್ಯಾಕ್ ಆಡೋದೇನೂ ಕೀಳಲ್ಲ. ನಾನೂ ಕಾಲೇಜಿನಲ್ಲಿ ಲೆಫ್ಟ್ ಬ್ಯಾಕ್ ಆಡಿದವನೇ, ಅದೂ ಎಡಗಾಲನ್ನು ನಿಲ್ಲೋದಕ್ಕೆ ಮಾತ್ರ ಬಳಸಿಕೊಂಡು. ನಿನಗೆ ಮನಸ್ಸಿದ್ದರೆ ಆಡು. ಆದರೆ ರಕ್ತದಲ್ಲಿ ಇಲ್ಲ ಅನ್ನೋ ಕಾರಣಕ್ಕೆ ಆಡಬೇಡ. ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ರಾತ್ರಿಯೆಲ್ಲ ತಲೆಯಲ್ಲಿ ತಿರುಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಇಷ್ಟುದ್ದ ಹೇಳಿದರೆ ನೀನು ಹೂಂ ಹೂಂ ಅಂತ ಕಟ್ ಮಾಡಿಬಿಡುತ್ತೀಯ, ಗೊತ್ತು.

ನಾನು ಅಡತ್ ಅಂಗಡಿಗೆ, ಅಂದರೆ ಕಮಿಷನ್ ಮೇಲೆ ರೈತರ ಕಾಳು ಮಾರಿಸಿಕೊಡೋ ಅಂಗಡಿಗೆ ಸೇರಿದಾಗ ನನಗೆ ಹತ್ತೊಂಬತ್ತು. ಅಲ್ಲೊಬ್ಬ ವಯಸ್ಸಾದ ಮುನೀಮರು, ಅಂಗಡಿಯ ಗುಮಾಸ್ತರು ಇದ್ದರು. ತೊಗರಿ ಚೀಲದೊಳಗೆ ಮೊಣಕೈ ತನಕ ಕೈ ಇಳಿಸಿ, ಒಂದು ಮುಷ್ಟಿ ತೆಗೆದು, ಎರಡು ಕಾಳು ಹಲ್ಲಿನಲ್ಲಿ ಕಡಿದು "ಹದಿಮೂರು" ಅನ್ನುತ್ತಿದ್ದರು. ತೇವಾಂಶ ನೂರಕ್ಕೆ ಹದಿಮೂರು ಅಂತ. ಆಮೇಲೆ ಮಷಿನ್‌ಗೆ ಹಾಕಿದರೆ ಅದೂ ಹದಿಮೂರರ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಅವರ ಕೈಯಲ್ಲಿ ದೇವರಿದ್ದಾನೆ ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಅವರು ಕೂರಿಸಿಕೊಂಡು ಪಾಠ ಅಂತ ಒಂದು ದಿನವೂ ಮಾಡಲಿಲ್ಲ. ಮಾಡಿದ್ದು ಇಷ್ಟೇ: ಪ್ರತಿ ಚೀಲಕ್ಕೂ ಮೊದಲು ನನ್ನ ಬಾಯಿಂದ ಒಂದು ನಂಬರ್ ಹೇಳಿಸುತ್ತಿದ್ದರು, ಮಷಿನ್ ಆಮೇಲೆ. ತಪ್ಪಾದರೆ ಬೈಯುತ್ತಿರಲಿಲ್ಲ, ಅದೇ ಮುಷ್ಟಿ ಕಾಳು ಮತ್ತೆ ನನ್ನ ಕೈಗೆ ಸುರಿದು "ಹದಿನೈದು ಅಂದ್ರ ಹಿಂಗಿರ್ತದ ನೋಡು" ಅನ್ನುತ್ತಿದ್ದರು. ಒಣ ಕಾಳು ಹಲ್ಲಿಗೆ ಕಟ್ ಅಂತ ಮುರಿಯುತ್ತದೆ, ಹಸಿ ಕಾಳಿನ ಮೇಲೆ ಹಲ್ಲಿನ ಗುರುತು ಕೂರುತ್ತದೆ. ಎರಡು ಸುಗ್ಗಿ ಹೀಗೇ ಹೋಯಿತು. ಮೂರನೇ ಸುಗ್ಗಿಯಲ್ಲಿ ಜನ ನನ್ನ ಕೈ ನೋಡಿಯೂ ದೇವರಿದ್ದಾನೆ ಅನ್ನೋಕೆ ಶುರು ಮಾಡಿದರು. ನನಗೆ ನಗು ಬಂತು. ಮೊದಲ ಸುಗ್ಗಿಯಲ್ಲಿ ಆ ದೇವರು ಎಷ್ಟು ಸಲ ತಪ್ಪು ಹೇಳಿದ್ದ ಅನ್ನೋದು ನನಗೆ ಮಾತ್ರ ಗೊತ್ತಿತ್ತು.

ಗೋಲಿನ ವಿಷಯವೂ ಬಹುಪಾಲು ಹೀಗೇ ಅಂತ ನನ್ನ ಲೆಕ್ಕ.

ಗೆರ್ಡ್ ಮ್ಯುಲ್ಲರ್ ಹೆಸರು ಕೇಳಿದ್ದೀಯಲ್ಲ. ಪಶ್ಚಿಮ ಜರ್ಮನಿಗೆ 62 ಪಂದ್ಯಗಳಲ್ಲಿ 68 ಗೋಲು. ಅವನು ಬಯರ್ನ್ ಕ್ಲಬ್‌ಗೆ ಬಂದಾಗ ಕೋಚ್ ಚೈಕೋವ್‌ಸ್ಕಿಯೇ ಅವನನ್ನು ಕುಳ್ಳ, ದಪ್ಪ ಮ್ಯುಲ್ಲರ್ ಅಂತ ಕರೆಯುತ್ತಿದ್ದನಂತೆ, ಅಂದರೆ ಕೋಚ್‌ಗಳ ಬಾಯಿ ಆಗಲೂ ಹೀಗೇ ಇತ್ತು. 1974ರ ವಿಶ್ವಕಪ್ ಫೈನಲ್, ಹಾಲೆಂಡ್ ಎದುರು, ಅವನು ಹೊಡೆದ ಗೋಲನ್ನು ಯೂಟ್ಯೂಬ್‌ನಲ್ಲಿ ಹುಡುಕಿ ನೋಡು. ಜೊತೆ ಆಟಗಾರ ಬೊನ್‌ಹೋಫ್ ಕೊಟ್ಟ ಪಾಸ್ ಅವನ ಮುಂದೆ ಬರಲೇ ಇಲ್ಲ, ಬಾಲ್ ಕಾಲಿಗೆ ತಾಗಿ ಸ್ವಲ್ಪ ಹಿಂದೆ ಹೋಯಿತು. ಬೇರೆಯವರಾಗಿದ್ದರೆ ಅಯ್ಯೋ ಅಂತ ನಿಲ್ಲುತ್ತಿದ್ದರು. ಅವನು ಹಿಂದಕ್ಕೆ ಹೋಗಿ, ಅಲ್ಲೇ ತಿರುಗಿ, ನೆಲಕ್ಕೆ ಅಂಟಿದ ಹಾಗೆ ಮೂಲೆಗೆ ತಳ್ಳಿದ. ಜೋರಿಲ್ಲ, ಅಂದವೂ ಇಲ್ಲ. ಜರ್ಮನಿ 2-1ರಿಂದ ಕಪ್ ಗೆದ್ದಿತು. ಅಷ್ಟು ಚಿಕ್ಕ ಜಾಗದಲ್ಲಿ ಗಿರಕಿ ಹೊಡೆಯೋ ದೇಹ ಹುಟ್ಟಿನಿಂದ ಬಂದಿದ್ದೇ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಗೋಲು ಕಂಬ ಎಲ್ಲಿದೆ ಅಂತ ನೋಡದೇ ಗೊತ್ತಿರೋದು? ಅದು ಸಾವಿರ ಸಲ ಅದೇ ಜಾಗದಲ್ಲಿ ನಿಂತವನಿಗೆ ಬರೋದು. ಗೋಲಿನ ಅಗಲ 7.32 ಮೀಟರ್, ಎತ್ತರ 2.44, ಯಾವ ಊರಿಗೆ ಹೋದರೂ ಇಷ್ಟೇ. ತೊಗರಿಯಂತೆ ವರ್ಷ ವರ್ಷ ಬದಲಾಗೋದಲ್ಲ.

ಈಗ ಬೀದರ್ ಮ್ಯಾಚ್. ಬೇಜಾರಾಗಬೇಡ, ಹೇಳಲೇಬೇಕು.

ಹೋದ ವರ್ಷ ನೆಹರು ಸ್ಟೇಡಿಯಂನಲ್ಲಿ ನಾನು ಗೋಲಿನ ಹಿಂದೆ ನಿಂತಿದ್ದೆ, ನಿನ್ನ ನೀರಿನ ಬಾಟಲಿ ಹಿಡಿದುಕೊಂಡು. ನಿಮ್ಮ ಕ್ಯಾಪ್ಟನ್ ದೂರದಿಂದ ಹೊಡೆದಳು. ಕೀಪರ್ ಕೈಗೆ ಬಡಿದು ಬಾಲ್ ಬಲಕ್ಕೆ ಚಿಮ್ಮಿತು. ನೀನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಆದರೆ ಕ್ಯಾಪ್ಟನ್ ಕಾಲು ಎತ್ತಿದ ಕ್ಷಣದಲ್ಲೇ ನಿನ್ನ ಕಾಲು ನಿಂತಿತ್ತು, ಪುಟ್ಟವ್ವಾ. ನೀನು ನಮ್ಮ ಹಾಗೆ ಪ್ರೇಕ್ಷಕಳಾಗಿಬಿಟ್ಟಿದ್ದೆ, ಬಾಲ್ ಒಳಗೆ ಹೋಗುತ್ತೋ ಇಲ್ವೋ ಅಂತ ನೋಡ್ತಾ. ಆ ಕಡೆ ತಂಡದಲ್ಲಿ ಒಂಬತ್ತು ನಂಬರಿನ ಸಣಕಲು ಹುಡುಗಿ ಇದ್ದಳಲ್ಲ, ದ್ವಿತೀಯಾರ್ಧದಲ್ಲಿ ಅವಳನ್ನೇ ನೋಡಿದೆ. ಅವರವರು ಶೂಟ್ ಮಾಡಿದಾಗಲೆಲ್ಲ ಅವಳು ಕೀಪರ್ ಕಡೆ ಓಡುತ್ತಿದ್ದಳು. ಒಂದು, ಎರಡು, ಐದು ಸಲ. ಏನೂ ಸಿಗಲಿಲ್ಲ. ಪಕ್ಕದಲ್ಲಿದ್ದವರು "ಈಕಿ ಯಾಕ ಹುಚ್ಚರಂಗ ಓಡ್ತಾಳ" ಅಂತ ನಕ್ಕರು. ಆರನೇ ಸಲ ನಿಮ್ಮ ಕೀಪರ್ ಕೈಯಿಂದ ಜಾರಿದ ಬಾಲ್ ಅವಳ ಕಾಲಿಗೇ ಬಂತು. ನಕ್ಕವರೇ ಚಪ್ಪಾಳೆ ಹೊಡೆದು, ಹುಟ್ಟಾ ಆಟಗಾರ್ತಿ ಅಂದರು!

ಜರ್ಮನಿಯ ಸ್ಟ್ರೈಕರ್ ಮಿರೊಸ್ಲಾವ್ ಕ್ಲೋಸೆ ವಿಶ್ವಕಪ್‌ಗಳಲ್ಲಿ ಒಟ್ಟು 16 ಗೋಲು ಹೊಡೆದ. ಆ ಹದಿನಾರನೆಯದು 2014ರಲ್ಲಿ ಬ್ರೆಜಿಲ್ ಎದುರು, 7-1ರ ಪಂದ್ಯದಲ್ಲಿ. ಮೊದಲು ಹೊಡೆದದ್ದನ್ನು ಕೀಪರ್ ತಡೆದ, ವಾಪಸ್ ಬಂದದ್ದನ್ನು ಇವನೇ ಮತ್ತೆ ಹೊಡೆದ. ನಿನ್ನ ಬೀದರ್ ಬಾಲ್‌ನಂಥದ್ದೇ. ಅವನ ಅಪ್ಪ ಫುಟ್‌ಬಾಲ್ ಆಟಗಾರ, ಅಮ್ಮ ಪೋಲೆಂಡ್‌ಗೆ ಹ್ಯಾಂಡ್‌ಬಾಲ್ ಆಡಿದವರು, ಅಂದರೆ ರಕ್ತದ ಮಾತಾಡೋರಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆದರೂ ಆ ರಕ್ತ ಇಪ್ಪತ್ತರ ತನಕ ಜರ್ಮನಿಯ ಏಳನೇ ದರ್ಜೆಯ ಲೀಗ್‌ನಲ್ಲಿ ಆಡ್ತಾ, ಬಡಗಿ ಕೆಲಸ ಕಲೀತಾ ಇತ್ತು. ಭಾರತಕ್ಕೆ ಆಡಿದ ನಮ್ಮ ಸ್ಟ್ರೈಕರ್ ಸುನಿಲ್ ಛೆಟ್ರಿಯ ತಾಯಿಯೂ ನೇಪಾಳಕ್ಕೆ ಆಡಿದವರೇ. ಇರಲಿ, ಅದರಿಂದ ಆಟ ಮನೆಯೊಳಗೆ ಬಂತು. ಆದರೆ ಅಷ್ಟೇನೂ ಎತ್ತರವಿಲ್ಲದ ಮನುಷ್ಯ ಎತ್ತರದ ಡಿಫೆಂಡರ್‌ಗಳ ನಡುವೆ ಅಷ್ಟು ಗೋಲು ತಲೆಯಲ್ಲಿ ಹೊಡೆದನಲ್ಲ, ಅದು ಯಾವಾಗ ಹಾರಬೇಕು ಅನ್ನೋ ಅಂದಾಜು. ಅಂದಾಜು ರಕ್ತದಲ್ಲಿ ಬರೋದಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ, ನಾನು ಹೇಗೂ ಲೆಕ್ಕದವನು. ಈಗ ಪ್ರತಿ ಶೂಟ್‌ಗೂ ಅದು ಗೋಲಾಗೋ ಸಾಧ್ಯತೆ ಎಷ್ಟು ಅಂತ ಅಳೆಯುತ್ತಾರಲ್ಲ, ಎಕ್ಸ್‌ಜಿ ಅಂತ. ಪೆನಾಲ್ಟಿ 11 ಮೀಟರಿನಿಂದ, ಸುಮಾರು ನಾಲ್ಕರಲ್ಲಿ ಮೂರು ಒಳಗೆ ಹೋಗುತ್ತವೆ. ಇಪ್ಪತ್ತೈದು ಮೀಟರಿನಿಂದ ಹೊಡೆದರೆ ನೂರಕ್ಕೆ ಐದೂ ಹೋಗೋದಿಲ್ಲ. ಈ ಲೆಕ್ಕದಿಂದ ಗೊತ್ತಾಗಿದ್ದೇನಂದರೆ, ಮೆಸ್ಸಿಯಂಥ ಕೆಲವರನ್ನು ಬಿಟ್ಟರೆ, ದೊಡ್ಡ ಸ್ಟ್ರೈಕರ್‌ಗಳು ಹೊಡೆಯೋದರಲ್ಲಿ ಉಳಿದವರಿಗಿಂತ ಭಾರೀ ಮುಂದೇನಿಲ್ಲ. ಅವರು ಒಳ್ಳೆ ಜಾಗಕ್ಕೆ ಜಾಸ್ತಿ ಸಲ ಹೋಗಿ ನಿಂತಿರುತ್ತಾರೆ, ಅಷ್ಟೇ. ಜಾಗಕ್ಕೆ ಹೋಗೋದನ್ನು ಕಲಿಸೋಕೆ ಆಗಲ್ಲ ಅಂದರೆ ಮತ್ತೆ ಕೋಚಿಂಗ್ ಅಂತ ಯಾವುದನ್ನು ಕರೆಯೋದು?

ಹಾಗಂತ ಎಲ್ಲವನ್ನೂ ಕಲಿಸಬಹುದು ಅಂತ ನಾನು ಹೇಳ್ತಿಲ್ಲ. ಐದು ಸಲ ಸುಮ್ನೆ ಓಡಿ, ಜನ ನಕ್ಕ ಮೇಲೂ ಆರನೇ ಸಲ ಓಡೋ ಹಟ ಇದೆಯಲ್ಲ, ಅದನ್ನು ಯಾವ ಕೋಚ್ ಕೊಡ್ತಾನೆ? ಅದು ನಿನ್ನಲ್ಲಿ ಇದೆಯೋ ಇಲ್ವೋ ಅಂತ ನಾನು ಯೋಚನೆ ಮಾಡೋದೂ ಬೇಕಿಲ್ಲ. ಏಳು ವರ್ಷದವಳಿದ್ದಾಗ ಪಕ್ಕದ ಮನೆ ಕಾಂಪೌಂಡಿಗೆ ಬಿದ್ದ ಚೆಂಡಿಗಾಗಿ, ಮಧ್ಯಾಹ್ನ ಮಲಗಿದ್ದ ಆಯಿ ಎದ್ದು ಬಂದು ಬಾಗಿಲು ತೆಗೆಯೋ ತನಕ ಒಂಬತ್ತು ಸಲ ಬಾಗಿಲು ಬಡಿದವಳು ನೀನು. ಅವರು ಇವತ್ತಿಗೂ ನಿನ್ನನ್ನು ಕೇಳೋದು "ಆ ಬಾಗಿಲಾ ಬಡಿಯೋಳು ಹೆಂಗದಾಳ" ಅಂತಲೇ.

ಅದಕ್ಕೇ ಒಂದು ಕೆಲಸ ಮಾಡು. ಪ್ರ್ಯಾಕ್ಟೀಸ್ ಮುಗಿದ ಮೇಲೆ ಇಬ್ಬರು ಗೆಳತಿಯರನ್ನು ಹಿಡಿದುಕೋ, ಒಬ್ಬಳು ಕೀಪರ್, ಒಬ್ಬಳು ಪಕ್ಕದಿಂದ ಹೊಡೆಯೋಳು. ಅವಳ ಕಾಲು ಬಾಲ್‌ಗೆ ತಾಗೋ ಮೊದಲೇ ನೀನು ಬಾಯಿಬಿಟ್ಟು ಹೇಳಬೇಕು: ಹತ್ತಿರದ ಕಂಬ, ದೂರದ ಕಂಬ, ಇಲ್ಲ ಕೀಪರ್ ಕೈಯಿಂದ ವಾಪಸ್. ಹೇಳಿದ ಕಡೆಗೇ ಓಡು, ತಪ್ಪಾದರೂ ಅಲ್ಲಿಗೇ. ಮನಸ್ಸಿನಲ್ಲೇ ಹೇಳಿಕೊಂಡರೆ ಆಗಲ್ಲ, ನಾವು ನಮಗೇ ಸುಳ್ಳು ಹೇಳಿಕೊಳ್ಳುತ್ತೇವೆ, "ನಾನೂ ಹಾಗೇ ಅಂದುಕೊಂಡಿದ್ದೆ" ಅಂತ. ಹೊಡೆಯೋಳ ಸೊಂಟ ಎತ್ತ ತಿರುಗಿದೆ ನೋಡು, ನಿಂತ ಕಾಲಿನ ಬೆರಳು ಎತ್ತ ಇದೆ ನೋಡು. ಬಾಲ್ ನಿನ್ನ ಹತ್ತಿರ ಬರೋ ಮೊದಲು ಕತ್ತು ತಿರುಗಿಸಿ ಭುಜದ ಮೇಲಿಂದ ಹಿಂದೆ ನೋಡೋದನ್ನೂ ಅಭ್ಯಾಸ ಮಾಡು. ನಾರ್ವೆಯ ಗೈರ್ ಯೋರ್ಡೆಟ್ ಅನ್ನೋ ಪ್ರೊಫೆಸರ್ ಆಟಗಾರರು ಎಷ್ಟು ಸಲ ಹೀಗೆ ನೋಡ್ತಾರೆ ಅಂತಲೇ ವಿಡಿಯೋ ಇಟ್ಟುಕೊಂಡು ಎಣಿಸಿದ್ದಾರೆ. ಇಂಗ್ಲೆಂಡಿನ ಲ್ಯಾಂಪಾರ್ಡ್ ತಲೆ ಗುಬ್ಬಿಯ ತಲೆ ಹಾಗೆ ಆಡ್ತಾನೇ ಇರುತ್ತಿತ್ತು.

ಕೋಚ್ ಸರ್ ಜೊತೆ ವಾದ ಬೇಡ. ಬ್ಯಾಕ್ ಆಡು ಅಂದರೆ ಈ ತಿಂಗಳು ಆಡು. ಸ್ಟ್ರೈಕರ್‌ಗಳು ಯಾವಾಗ ಕಣ್ಣು ತಪ್ಪಿಸಿ ಹೋಗ್ತಾರೆ ಅಂತ ಅಲ್ಲಿಂದ ಚೆನ್ನಾಗಿ ಕಾಣುತ್ತೆ, ಅದನ್ನು ಕದ್ದುಕೋ. ಅವರ ಹತ್ತಿರ ಹೋದಾಗ "ಯಾಕೆ ಗೋಲಾಗಲಿಲ್ಲ" ಅಂತ ಕೇಳಬೇಡ, "ಸರ್, ಆ ಬಾಲ್‌ಗೆ ನಾನು ಎಲ್ಲಿ ನಿಲ್ಲಬೇಕಿತ್ತು" ಅಂತ ಕೇಳು. ಹಾಗೆ ಕೇಳಿದರೆ ಅವರಿಗೂ ಉತ್ತರ ಇರುತ್ತೆ.

ನಾಳೆ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ನಮ್ಮ ಅಂಗಡಿಯವರೊಬ್ಬರು ಬೆಂಗಳೂರಿಗೆ ಬರ್ತಿದ್ದಾರೆ, ಅವರ ಕೈಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೇವೆ. ಜೊತೆಗೆ ಅಂಗಡಿಯ ಒಂದು ಕೆಂಪು ಖಾತೆ ಪುಸ್ತಕ ಇಟ್ಟಿದ್ದೇನೆ. ಎಡಕ್ಕೆ ನೀನು ಹೇಳಿದ್ದು, ಬಲಕ್ಕೆ ಬಾಲ್ ಹೋಗಿದ್ದು. ದಿನಕ್ಕೆ ಇಪ್ಪತ್ತು ಸಾಲು ಸಾಕು. ಶರಣಬಸವೇಶ್ವರ ಜಾತ್ರೆಗೆ ಬರುವಾಗ ತಗೊಂಡು ಬಾ, ಇಬ್ಬರೂ ಕೂತು ಕೂಡಿಸೋಣ. ಮೊದಲ ಪುಟಗಳಲ್ಲಿ ಎಲ್ಲ ಸರಿಯಾಗಿದ್ದರೆ ನೀನು ಆಮೇಲೆ ಬರೆದಿದ್ದು ಅಂತ ನನಗೆ ಗೊತ್ತಾಗುತ್ತೆ.

ರೊಟ್ಟಿ ಮುರಿದಿದ್ದರೆ ನಿಮ್ಮವ್ವನಿಗೆ ಹೇಳಬೇಡ. ಡಬ್ಬಿ ಕಟ್ಟಿದ್ದು ನಾನು.

ನಿನ್ನ ಅಪ್ಪ
ಕಲಬುರಗಿ