ಹೊಸ ಒಪೆರಾ: ಪ್ರೇಕ್ಷಕರನ್ನು ಮೊದಲೇ ಕರೆಯಿರಿ

ಸಂಪಾದಕರೇ,

ಹೊಸ ಒಪೆರಾ, ಅಂದರೆ ಪಾಶ್ಚಾತ್ಯ ಗೀತನಾಟಕ, ಕಟ್ಟುವಾಗ ಪ್ರೇಕ್ಷಕರನ್ನೂ ಸೇರಿಸಿಕೊಳ್ಳಿ ಅಂದರೆ ಕೆಲವರು ಮೂಗು ಮುರಿಯುತ್ತಾರೆ. ಜನ ಕೈ ಹಾಕಿದರೆ ಕಲೆ ಕೆಡುತ್ತದಂತೆ! ಆದರೆ 1904ರ ಫೆಬ್ರವರಿಯಲ್ಲಿ ಇಟಲಿಯ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಸಂಗೀತಕಾರ ಪುಚ್ಚೀನಿಯ ಹೊಸ ಒಪೆರಾ ‘ಮದಾಮ ಬಟರ್‌ಫ್ಲೈ’ಗೆ ಏನಾಯಿತು ನೋಡಿ. ಬೆಳಗಾಗುವ ದೃಶ್ಯಕ್ಕೆ ಹಕ್ಕಿಗಳ ದನಿ ಕೇಳಿಸಿದರೆ, ಕೂತಿದ್ದವರೂ ಕೂಗಿ ಅಣಕಿಸಿದರು. ಬೇಕಂತಲೇ ಗಲಾಟೆಗೆ ಬಂದವರೂ ಇದ್ದಿರಬಹುದು ಬಿಡಿ, ಆದರೆ ಎರಡನೇ ಅಂಕ ವಿಪರೀತ ಉದ್ದವಿದ್ದದ್ದು ನಿಜ. ಪುಚ್ಚೀನಿ ಅದನ್ನು ವಾಪಸ್ ತೆಗೆದುಕೊಂಡು, ಆ ಅಂಕವನ್ನು ಎರಡು ಮಾಡಿ, ಅಲ್ಲಲ್ಲಿ ತಿದ್ದಿ, ಮೇ ತಿಂಗಳಲ್ಲಿ ಇಟಲಿಯದೇ ಬ್ರೆಷಾ ಊರಲ್ಲಿ ಆಡಿಸಿದಾಗ ಅದೇ ಕೃತಿ ಗೆದ್ದಿತು.

ನನಗೆ ಜಾಸ್ತಿ ಹಿಡಿಸುವುದು ಇಂಗ್ಲಿಷ್ ಸಂಗೀತಕಾರ ಬೆಂಜಮಿನ್ ಬ್ರಿಟನ್ ಅವರ ದಾರಿ. 1949ರಲ್ಲಿ ಇಂಗ್ಲೆಂಡಿನ ಆಲ್ಡ್‌ಬರೋದಲ್ಲಿ ಬಂದ ‘ಲೆಟ್ಸ್ ಮೇಕ್ ಆ್ಯನ್ ಒಪೆರಾ’ದಲ್ಲಿ ಪ್ರೇಕ್ಷಕರಿಗೇ ನಾಲ್ಕು ಹಾಡು. ಮೊದಲು ಒಪೆರಾ ತಯಾರಾಗುವ ನಾಟಕ, ನಡುವೆ ವಾದ್ಯ, ಹಾಡುಗಳನ್ನು ನಡೆಸುವ ಕಂಡಕ್ಟರ್ ಸಭೆಯತ್ತ ತಿರುಗಿ ಹಾಡು ಕಲಿಸುತ್ತಾರೆ, ಆಮೇಲೆ ಒಪೆರಾ. ಒಂದು ಹಾಡಿನಲ್ಲಂತೂ ಸಭೆಯನ್ನೇ ನಾಲ್ಕು ಗುಂಪು ಮಾಡಿ ಗೂಬೆ, ಬಕ, ಬೆಳವ, ಇನ್ನೊಂದು ಪುಟ್ಟ ಹಕ್ಕಿ ಅಂತ ಕೂಗಿಸುತ್ತಾರೆ. ಮಿಲಾನಿನಲ್ಲಿ ಗೇಲಿಯಾದ ಹಕ್ಕಿ ಕೂಗು ಇಲ್ಲಿ ಸಂಗೀತವೇ ಆಯ್ತು, ಅಲ್ವಾ?

ಹಾಡುವುದು ಬೇರೆ, ಕೃತಿ ರೂಪಿಸುವುದು ಬೇರೆ, ಒಪ್ಪುತ್ತೇನೆ. ಏನು ಬರೆಯಬೇಕು ಅಂತ ಜನರನ್ನು ಕೇಳಬೇಕಿಲ್ಲ. ಬರೀ ಪಿಯಾನೋ ಇಟ್ಟುಕೊಂಡು ಎರಡು ದೃಶ್ಯ ಹಾಡಿ ತೋರಿಸಿ, ಎಲ್ಲಿ ಬೇಜಾರಾಯಿತು, ಯಾವ ಮಾತು ಕೇಳಿಸಲಿಲ್ಲ ಅಂತ ವಿಚಾರಿಸಿ. ನಮ್ಮಲ್ಲಿ ಹೊಸ ಗೀತನಾಟಕ ಕಟ್ಟುವ ತಂಡಗಳೂ ಹಾರ್ಮೋನಿಯಂ ಇಟ್ಟುಕೊಂಡು ಇದನ್ನೇ ಮಾಡಬಹುದು. ಸೆಟ್ಟು, ವೇಷಕ್ಕೆಲ್ಲ ದುಡ್ಡು ಸುರಿಯುವ ಮೊದಲೇ.

– ಒಬ್ಬ ಓದುಗ, ಧಾರವಾಡ