ಗೆಳೆಯನಿಗೊಂದು ಪತ್ರ: ಒಂದನೇ ಲೇನಿನ ಕಿಮ್ ಕಾಲಿನ್ಸ್

ಪ್ರೀತಿಯ ಮಂಜು,

ಹೇಗಿದ್ದೀಯಾ? ಮನೆಯಲ್ಲಿ ಎಲ್ಲರೂ ಆರಾಮ ತಾನೇ? ಮೊನ್ನೆ ಫೋನಿನಲ್ಲಿ ಬೋಲ್ಟ್ ಬಗ್ಗೆ ಅಷ್ಟು ಹೊತ್ತು ಕೊರೆದೆ, ನನಗೆ ಬಾಯಿ ಬಿಡಲೂ ಅವಕಾಶ ಕೊಡಲಿಲ್ಲ. ಅದಕ್ಕೇ ಈ ಕಾಗದ. ಕೆರಿಬಿಯನ್ ಓಟಗಾರ ಅಂದರೆ ಜಮೈಕಾದವನೇ ಅಂತ ನೀನು ತೀರ್ಮಾನ ಮಾಡಿಬಿಟ್ಟಿದ್ದೀಯ. ನನಗೆ ಮಾತ್ರ ಆ ಕಡೆಯವರಲ್ಲಿ ಜಾಸ್ತಿ ಇಷ್ಟ ಸೇಂಟ್ ಕಿಟ್ಸ್‌ನ ಕಿಮ್ ಕಾಲಿನ್ಸ್.

ಸೇಂಟ್ ಕಿಟ್ಸ್ ನಿನಗೆ ಕ್ರಿಕೆಟ್‌ನಿಂದ ಗೊತ್ತಿರಬೇಕು. 2006ರಲ್ಲಿ ನಮ್ಮ ದ್ರಾವಿಡ್ ನಾಯಕನಾಗಿ ಟೆಸ್ಟ್ ಆಡಿದ ವಾರ್ನರ್ ಪಾರ್ಕ್ ಇರುವುದು ಅಲ್ಲೇ. ಮರುವರ್ಷ ವಿಶ್ವಕಪ್‌ನಲ್ಲಿ ಗಿಬ್ಸ್ ಒಂದೇ ಓವರಿಗೆ ಆರು ಸಿಕ್ಸರ್ ಬಾರಿಸಿದ್ದೂ ಅದೇ ಮೈದಾನದಲ್ಲಿ. ಪಕ್ಕದ ನೇವಿಸ್ ದ್ವೀಪವನ್ನೂ ಸೇರಿಸಿದರೆ ಇಡೀ ದೇಶ 261 ಚದರ ಕಿಲೋಮೀಟರ್, ಜನ ಸುಮಾರು 50,000. ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿದ್ದು 1983ರಲ್ಲಿ. ಆಗ ಕಾಲಿನ್ಸ್ ಏಳು ವರ್ಷದ ಹುಡುಗ. ದೇಶ ಒಲಿಂಪಿಕ್ಸ್‌ಗೆ ಮೊದಲ ಸಲ ತಂಡ ಕಳಿಸಿದ್ದು 1996ರಲ್ಲಿ, ಅದರಲ್ಲಿ ಇವನೂ ಇದ್ದ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನೂರು ಮೀಟರ್ ಫೈನಲ್‌ಗೇ ಬಂದ. ಬಂದಿದ್ದು ಏಳನೇ ಸ್ಥಾನ, ಆದರೆ ಅವನ ದೇಶದಿಂದ ಒಲಿಂಪಿಕ್ಸ್ ಫೈನಲ್ ತಲುಪಿದ ಮೊದಲಿಗ ಅವನೇ.

ಆಳು ತೆಳ್ಳಗೆ. ಆ ಕಾಲದ ಸ್ಪ್ರಿಂಟರ್‌ಗಳ ಎದೆ ತೋಳು ನೋಡಿದ್ದೀಯಲ್ಲ, ಅವರ ಪಕ್ಕ ಇವನು ನಿಂತರೆ ಯಾರೋ ಲಾಂಗ್ ಜಂಪಿನವನು ದಾರಿ ತಪ್ಪಿ ಬಂದ ಹಾಗೆ ಕಾಣುತ್ತಿದ್ದ. ಜಿಮ್‌ನಲ್ಲಿ ಭಾರ ಎತ್ತುವುದು ಅವನಿಗೆ ಒಗ್ಗುತ್ತಿರಲಿಲ್ಲ. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 9.98 ಸೆಕೆಂಡಿಗೆ ಚಿನ್ನ ಗೆದ್ದ. ಆಮೇಲೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಾಲ್ಬುಟಮಾಲ್ ಸಿಕ್ಕಿತು. ಅವನಿಗೆ ಆಸ್ತಮಾ ಇತ್ತು, ಅದರ ಔಷಧಿ ಅದು. ಮೊದಲೇ ಬರೆದುಕೊಡಬೇಕಿತ್ತು, ಬರೆದುಕೊಟ್ಟಿರಲಿಲ್ಲ. ಶಿಕ್ಷೆ ಆಗಲಿಲ್ಲ, ಪದಕ ಅವನಲ್ಲೇ ಉಳಿಯಿತು. ಇದನ್ನ ನೀನು ಹೇಗೂ ಎಲ್ಲೋ ಓದಿಕೊಂಡು ಬಂದು ನನ್ನ ಮೇಲೆ ಬೀಳುತ್ತೀಯ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಈಗ ಪ್ಯಾರಿಸ್‌ಗೆ ಬರೋಣ. 2003ರ ವಿಶ್ವ ಚಾಂಪಿಯನ್‌ಶಿಪ್, ಸ್ಟಾಡ್ ದ ಫ್ರಾನ್ಸ್ ಮೈದಾನ. ಸೇಂಟ್ ಕಿಟ್ಸ್‌ನ ಅಷ್ಟೂ ಜನ ಬಂದು ಕೂತರೂ ಸೀಟು ಖಾಲಿ ಉಳಿಯುವಷ್ಟು ದೊಡ್ಡದು. ನೂರು ಮೀಟರ್ ಓಟ ಶುರುವಿನಿಂದಲೇ ರಂಪವಾಗಿತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಅಮೆರಿಕದ ಜಾನ್ ಡ್ರಮಂಡ್ ಫಾಲ್ಸ್ ಸ್ಟಾರ್ಟ್ ಅಂತ, ಅಂದರೆ ಗುಂಡಿನ ಸದ್ದಿಗೆ ಮೊದಲೇ ಹೊರಟ ಅಂತ ಹೊರಹಾಕಿಸಿಕೊಂಡು, ನಾನು ಅಲ್ಲಾಡಲೇ ಇಲ್ಲ ಅಂತ ಟ್ರ್ಯಾಕಿನ ಮೇಲೆ ಮಲಗಿಬಿಟ್ಟ. ಹಿಂದಿನ ಚಾಂಪಿಯನ್ ಮೌರಿಸ್ ಗ್ರೀನ್ ಸೆಮಿಫೈನಲ್‌ನಲ್ಲೇ ಗಾಯಗೊಂಡು ಹೊರಬಿದ್ದ. ಆದರೂ ಫೈನಲ್‌ನಲ್ಲಿ ಆಗಿನ ವಿಶ್ವದಾಖಲೆಯ ಟಿಮ್ ಮಾಂಟ್ಗೊಮರಿ ಇದ್ದ, ಬ್ರಿಟನ್ನಿನ ಚೇಂಬರ್ಸ್ ಮತ್ತು ಕ್ಯಾಂಪ್‌ಬೆಲ್ ಇದ್ದರು, ಟ್ರಿನಿಡಾಡ್‌ನ ಹುಡುಗ ಡ್ಯಾರೆಲ್ ಬ್ರೌನ್ ಇದ್ದ. ಕಾಲಿನ್ಸ್‌ಗೆ ಸಿಕ್ಕಿದ್ದು ಒಂದನೇ ಲೇನ್, ಮೂಲೆ. ಚೆನ್ನಾಗಿ ಓಡಿ ಬಂದವರಿಗೆ ನಡುವಿನ ಲೇನ್ ಕೊಡುತ್ತಾರೆ. ಹಾಗಾಗಿ ಆ ಮೂಲೆಯ ಕಡೆ ಯಾರ ಕಣ್ಣೂ ಇರಲಿಲ್ಲ.

ಕಾಲಿನ್ಸ್ 10.07. ಬ್ರೌನ್, ಕ್ಯಾಂಪ್‌ಬೆಲ್, ಚೇಂಬರ್ಸ್ ಮೂವರೂ 10.08. ಸೆಕೆಂಡಿನ ನೂರನೇ ಒಂದು ಭಾಗ ಅಂದರೆ ಆ ವೇಗದಲ್ಲಿ ಹೆಚ್ಚೆಂದರೆ ಅರ್ಧ ಗೇಣು. ಅದೂ ಕಾಲು, ತಲೆ ಲೆಕ್ಕಕ್ಕಿಲ್ಲ, ಮೊದಲು ಗೆರೆ ಮುಟ್ಟಬೇಕಾದ್ದು ಎದೆ. ಅಷ್ಟರಲ್ಲಿ ಒಂದು ದೇಶಕ್ಕೆ ವಿಶ್ವ ಚಾಂಪಿಯನ್ ಸಿಕ್ಕಿದ. ಆ ಆಗಸ್ಟ್ 25 ಅವನ ದ್ವೀಪದಲ್ಲಿ ಕಿಮ್ ಕಾಲಿನ್ಸ್ ದಿನವಾಯಿತು. ಒಂದು ಹೆದ್ದಾರಿಗೂ ಅವನ ಹೆಸರಿದೆ.

10.07 ನಿಧಾನದ ಓಟ ಅಂತ ಮೂಗು ಮುರಿಯುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗಂತೂ ಅದು ಹುರುಳಿಲ್ಲದ ಮಾತು. ಆಮೇಲೆ ಏನಾಯಿತು ನೋಡು. ಮದ್ದಿನ ಹಗರಣದಲ್ಲಿ ಚೇಂಬರ್ಸ್ ಸಿಕ್ಕಿಬಿದ್ದ, ಪ್ಯಾರಿಸ್‌ನ ಅವನ ಫಲಿತಾಂಶವೂ ಹೋಯಿತು. ಮಾಂಟ್ಗೊಮರಿಯ 9.78ರ ವಿಶ್ವದಾಖಲೆಯನ್ನೇ ಅಳಿಸಿಹಾಕಿದರು. ಕಾಲಿನ್ಸ್‌ನ 10.07 ಹಾಗೇ ಇದೆ.

ಇಷ್ಟಕ್ಕೇ ಮುಗಿದಿದ್ದರೆ ನಿನಗೆ ಕಾಗದ ಬರೆಯುವಷ್ಟು ವಿಷಯ ಇರುತ್ತಿರಲಿಲ್ಲ ಬಿಡು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆರನೇ ಸ್ಥಾನ, ಮರುವರ್ಷ ಹೆಲ್ಸಿಂಕಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು. ಆಮೇಲೆ ಕೆಲವು ವರ್ಷ ಅವನ ಹೆಸರು ಕೇಳಿಸಿದ್ದೇ ಕಡಿಮೆ. 2011ರಲ್ಲಿ 35ನೇ ವಯಸ್ಸಿನಲ್ಲಿ ದಕ್ಷಿಣ ಕೊರಿಯಾದ ಡೇಗುವಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಬಂದ. ನಿನ್ನ ಬೋಲ್ಟ್ ಫಾಲ್ಸ್ ಸ್ಟಾರ್ಟ್ ಮಾಡಿ ಅಂಗಿ ಕಿತ್ತೆಸೆದ ಅದೇ ಫೈನಲ್. ಅದರಲ್ಲಿ ಕಂಚು ಯಾರದ್ದು ಅಂತ ನೆನಪಿದೆಯಾ? ಕಾಲಿನ್ಸ್‌ದು. ಸಾಲದ್ದಕ್ಕೆ 4x100 ರಿಲೇಯಲ್ಲೂ ಕಂಚು. ಅಮೆರಿಕದವನು ಬ್ರಿಟನ್ನಿನವನಿಗೆ ಡಿಕ್ಕಿ ಹೊಡೆದು ಬಿದ್ದದ್ದು ಇವರಿಗೆ ಅನುಕೂಲವಾಯಿತು, ಇಲ್ಲ ಅನ್ನಲ್ಲ. ಆದರೆ 50,000 ಜನರ ನಡುವೆ ಅಂಥ ನಾಲ್ಕು ಓಟಗಾರರನ್ನು ಹುಡುಕಿ ಫೈನಲ್‌ಗೆ ತರುವುದು ಹುಡುಗಾಟವಾ? ಜೇಸನ್ ರಾಜರ್ಸ್, ಕಾಲಿನ್ಸ್, ಆಂಟ್ವಾನ್ ಆಡಮ್ಸ್, ಬ್ರಿಜೇಶ್ ಲಾರೆನ್ಸ್. ಹೌದು ಕಣೋ, ಬ್ರಿಜೇಶ್!

ಲಂಡನ್ ಒಲಿಂಪಿಕ್ಸ್‌ನಲ್ಲಿ ಧ್ವಜ ಹಿಡಿದು ಮುಂದೆ ನಡೆದವನೂ ಅವನೇ. ಕೆಲವೇ ದಿನಕ್ಕೆ ಓಡುವ ಮೊದಲೇ ತಂಡದಿಂದ ತೆಗೆದರು. ಕ್ರೀಡಾಗ್ರಾಮ ಬಿಟ್ಟು ಹೆಂಡತಿಯ ಜೊತೆ ಹೋಟೆಲಿನಲ್ಲಿದ್ದ ಅನ್ನುವುದರಿಂದ ಶುರುವಾದ ಜಗಳ. ಯಾರದು ಸರಿ ಅಂತ ದೂರದಲ್ಲಿ ಕೂತು ನಾನು ಹೇಳಲಾರೆ. ಮೂವತ್ತಾರು ವರ್ಷದ ಮಾಜಿ ವಿಶ್ವ ಚಾಂಪಿಯನ್‌ಗೆ ಹೀಗಾದರೆ ಬೂಟು ಬಿಚ್ಚಿಟ್ಟು ಮನೆಗೆ ಹೋಗುತ್ತಾನೆ ಅಂದುಕೊಳ್ಳುತ್ತೇವೆ, ಅಲ್ವಾ?

ಇವನು ಹೋಗಲಿಲ್ಲ. 2013ರಲ್ಲಿ ಲೌಸಾನ್‌ನಲ್ಲಿ 9.97 ಓಡಿದ. ಮ್ಯಾಂಚೆಸ್ಟರ್‌ನಲ್ಲಿ ಮಾಡಿದ್ದ ತನ್ನದೇ ದಾಖಲೆಯನ್ನು ಹನ್ನೊಂದು ವರ್ಷದ ಮೇಲೆ ಮುರಿದ. ಮರುವರ್ಷ 9.96. 2016ರ ಮೇ ತಿಂಗಳಲ್ಲಿ ಜರ್ಮನಿಯ ಬಾಟ್ರಾಪ್ ಅನ್ನುವ ಊರಿನ ಕೂಟದಲ್ಲಿ 9.93. ಆಗ ಅವನಿಗೆ ನಲವತ್ತು ತುಂಬಿತ್ತು. ಆ ವಯಸ್ಸಿನಲ್ಲಿ ಹತ್ತು ಸೆಕೆಂಡಿನ ಒಳಗೆ ಓಡಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ನನ್ನ ತಲೆ ಕೆಡಿಸಿರುವುದು ಇದೇ. ಜಗತ್ತನ್ನು ಗೆದ್ದ ದಿನ 10.07. ಬದುಕಿನಲ್ಲೇ ಅತಿ ಜೋರಾಗಿ ಓಡಿದ ದಿನ ಕೊರಳಿಗೆ ವಿಶ್ವಮಟ್ಟದ ಪದಕ ಇಲ್ಲ, ನೋಡಲು ಪ್ಯಾರಿಸ್‌ನಷ್ಟು ಜನವೂ ಇಲ್ಲ. ಪದಕ ಒಂದು ದಾರಿ ಹಿಡಿಯಿತು, ಗಡಿಯಾರ ಇನ್ನೊಂದು. ಅದೇ ವರ್ಷ ರಿಯೋದಲ್ಲಿ ಮತ್ತೆ ದೇಶದ ಬಟ್ಟೆ ತೊಟ್ಟು ಓಡಿದ, ಸೆಮಿಫೈನಲ್‌ವರೆಗೆ ಬಂದ, 10.12ಕ್ಕೆ ನಿಂತಿತು. ಒಲಿಂಪಿಕ್ಸ್ ಪದಕ ಅವನಿಗೆ ಕೊನೆಗೂ ಸಿಗಲಿಲ್ಲ.

ಪ್ಯಾರಿಸ್ ಮತ್ತು ಬಾಟ್ರಾಪ್, ಈ ಎರಡರಲ್ಲಿ ದೊಡ್ಡ ಓಟ ಯಾವುದು ಅಂತ ಯೋಚಿಸಿ ಬರೆ. ನನ್ನ ವೋಟು ಬಾಟ್ರಾಪ್‌ಗೆ. ಜಗಳ ಆಡಬೇಕು ಅನ್ನಿಸಿದರೆ ಭಾನುವಾರ ಫೋನ್ ಮಾಡು, ಆದರೆ ಮೊದಲ ಹತ್ತು ನಿಮಿಷ ನಾನು ಮಾತಾಡುತ್ತೇನೆ.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ,
ರವಿ